ಅಕ್ಕನ ಹಾಡುಗಳೂ ಮೂರು ಪುಟ್ಟ ತಂತ್ರಾಂಶಗಳೂ

ಕೈವಾರವಿಲ್ಲದೆ ಗಣಿತದ ತರಗತಿಗೆ ಬಂದವರನ್ನು ನಾನು ಹೇಗೆ ಗದರಿಸುತ್ತಿದ್ದೆನೆಂಬುದು ನನ್ನ ಹಳೆಯ ಶಿಷ್ಯರಿಗೆ ನೆನಪಿರಬಹುದು. ಸಲಕರಣೆಯಿಲ್ಲದೆ ಕೆಲಸಕ್ಕೆ ಕೂತವನ ಪಾಡೇನೆಂಬುದು ಕಳೆದ ವರ್ಷ ನನಗೇ ಅನುಭವಕ್ಕೆ ಬಂದಿತು.

2007ರ ಬೇಸಿಗೆ ರಜೆಯಲ್ಲಿ ದೊಡ್ಡಕ್ಕ ನಮ್ಮ ಮನೆಯಲ್ಲಿದ್ದಳು. ಆಕೆಗೆ ಬಾಯಿಪಾಠವಾಗಿದ್ದ ಮದುವೆಯ ಹಾಡುಗಳನ್ನು ಹೇಳಿಸಿ ಗಣಕದಲ್ಲಿ ಬೆರಳಚ್ಚಿಸಿದ್ದೆ. ಹಸೆಗೆ ಕರೆಯುವುದು, ಆರತಿ ಎತ್ತುವುದು, ಬೀಗರನ್ನು ಗೇಲಿ ಮಾಡುವುದು, ಹೀಗೆ ಒಟ್ಟು 41 ಹಾಡುಗಳು. 2015ರಲ್ಲಿ ಅಕ್ಕ ತೀರಿಕೊಂಡಳು. ಕಳೆದ ವರ್ಷ ಆಕೆಯ ಮೊಮ್ಮಗಳಿಗೆ ಮದುವೆ ನಿಶ್ಚಯವಾದಾಗ, "ಅಜ್ಜಿಯ ಹಾಡುಗಳು ನಿಮ್ಮ ಹತ್ತಿರ ಇವೆಯಂತೆ ತಾತ" ಎಂದು ಹುಡುಗಿ ಕೇಳಿದಳು. ಇವೆ ಎಂದೆ. ಆದರೆ ಎಲ್ಲಿ? ಅಷ್ಟರಲ್ಲಿ ಮೂರು ಗಣಕಗಳು ಬದಲಾಗಿದ್ದವು. 'ನ್ಯೂ ಫೋಲ್ಡರ್'ಗಳೊಳಗೆ ಮತ್ತಷ್ಟು 'ನ್ಯೂ ಫೋಲ್ಡರ್'ಗಳು. ಎರಡು ದಿನ ತಡಕಾಡಿ ಸೋತೆ.

ಶಿಷ್ಯನೊಬ್ಬ ದೂರವಾಣಿಯಲ್ಲಿ 'ಎವೆರಿಥಿಂಗ್' ಎಂಬ ಉಚಿತ ತಂತ್ರಾಂಶವನ್ನು ಸೂಚಿಸಿದ. ವಿಂಡೋಸ್ ಗಣಕದ ಡಿಸ್ಕಿನಲ್ಲಿ ಕಡತಗಳ ಹೆಸರಿನ ಪಟ್ಟಿಯೊಂದು ಶಾಲೆಯ ಹಾಜರಿ ಪುಸ್ತಕದಂತೆ ಸದಾ ಸಿದ್ಧವಿರುತ್ತದೆ. ಈ ತಂತ್ರಾಂಶ ಕೊಠಡಿ ಕೊಠಡಿ ಅಲೆಯದೆ ಆ ಹಾಜರಿ ಪುಸ್ತಕವನ್ನೇ ಓದುತ್ತದೆ. 'ಹಾಡು' ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಿದೆ. ಕ್ಷಣಮಾತ್ರದಲ್ಲಿ ಕಡತ ಕಣ್ಣಿಗೆ ಬಿತ್ತು!

ಸಂತೋಷದಿಂದ ತೆರೆದರೆ ಒಳಗೆ ಕನ್ನಡವೇ ಇಲ್ಲ. ಬರೀ ಇಂಗ್ಲಿಷ್ ಅಕ್ಷರಗಳ ಮತ್ತು ಚಿಹ್ನೆಗಳ ಚೆಲ್ಲಾಪಿಲ್ಲಿ. ಅಂದು ನಾನು ಬಳಸಿದ್ದ ಫಾಂಟಿನಲ್ಲಿ ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಬಿಡಿಸಿಡಲಾಗಿತ್ತು. ಹೊಸ ಗಣಕದಲ್ಲಿ ಆ ಫಾಂಟ್ ಇಲ್ಲವಾದ್ದರಿಂದ ವೇಷ ಕಳಚಿತ್ತು. ಯೂನಿಕೋಡ್ ಹಾಗಲ್ಲ. 1991ರ ಮೊದಲ ಆವೃತ್ತಿಯಿಂದಲೇ ಅದರಲ್ಲಿ ಕನ್ನಡಕ್ಕೆ ಸ್ವಂತ ಸ್ಥಾನವಿದೆ. 'ಕ' ಅಕ್ಷರದ ಸಂಖ್ಯೆ ಎಲ್ಲಿಯಾದರೂ 3221.

ಹಳೆಯ ಫಾಂಟಿನ ಬರಹವನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕ ಎರಡನೆಯ ಉಪಕಾರಿ. ಕೆಲವು ಒತ್ತಕ್ಷರಗಳೂ ಅರ್ಕಾವೊತ್ತುಗಳೂ ಸ್ಥಾನ ತಪ್ಪಿದವು. ಅವನ್ನು ಸಾಲು ಸಾಲಾಗಿ ತಿದ್ದುತ್ತ ಕುಳಿತಾಗ ಅಕ್ಕ ಪಕ್ಕದಲ್ಲಿ ಕುಳಿತು ಹೇಳಿದಂತಾಗಿ ಕಣ್ಣು ಮಂಜಾಯಿತು.

ಮೂರನೆಯದು 'ಫ್ರೀಫೈಲ್‌ಸಿಂಕ್'. ಎರಡು ಕಡೆಯ ಕಡತಗಳನ್ನು ಹೋಲಿಸಿ, ಬದಲಾದವನ್ನಷ್ಟೇ ನಕಲು ಮಾಡುತ್ತದೆ. ಈಗ ಪ್ರತಿ ಭಾನುವಾರ ಹಾಡುಗಳೂ ಇತರ ಬರಹಗಳೂ ಹೊರಗಿನ ಡಿಸ್ಕಿಗೆ ಹೋಗುತ್ತವೆ. ಮಕ್ಕಳಿಗೆ ಅಚ್ಚುಕಟ್ಟನ್ನು ಬೋಧಿಸಿದವನು ಕಡತಕ್ಕೊಂದು ಸರಿಯಾದ ಹೆಸರನ್ನೂ ಒಂದು ಪ್ರತಿಯನ್ನೂ ಇಡದಿದ್ದುದು ನನ್ನದೇ ತಪ್ಪು.

ಹಾಳೆಗಳನ್ನು ಮುದ್ರಿಸಿ ಮದುವೆಮನೆಗೆ ಒಯ್ದೆ. ಹುಡುಗಿ ಓದಿ, "ತಾತ, ಇದನ್ನು ಯಾವ ಧಾಟಿಯಲ್ಲಿ ಹಾಡಬೇಕು?" ಎಂದಳು. ನಾನು ನಿರುತ್ತರನಾದೆ. ಅಂದು ಪದಗಳನ್ನು ಬರೆದುಕೊಂಡೆ, ದನಿಯನ್ನು ಮುದ್ರಿಸಿಕೊಳ್ಳಲಿಲ್ಲ. ಇಲ್ಲದ ಕಡತವನ್ನು ಯಾವ ತಂತ್ರಾಂಶ ಹುಡುಕೀತು? ನನಗೆ ನೆನಪಿದ್ದ ಮೂರು ಧಾಟಿಗಳನ್ನು ನನ್ನ ಒರಟು ಕಂಠದಲ್ಲೇ ಗುನುಗಿದೆ.

ಬಂಧುಗಳಲ್ಲಿ ಯಾರಿಗಾದರೂ ಉಳಿದ ಧಾಟಿಗಳು ಬರುತ್ತಿದ್ದರೆ, ದಯವಿಟ್ಟು ಮೊಬೈಲಿನಲ್ಲಿ ಹಾಡಿ ಕಳುಹಿಸಿ. ಈ ಬಾರಿ ಸರಿಯಾದ ಹೆಸರು ಕೊಟ್ಟು, ಎರಡು ಕಡೆ ಇಡುತ್ತೇನೆ.