ಅಣ್ಣನವರ ಡೆಕಲ್ ಹಾಳೆಗಳು

ಹಳೆಯ ಹೊಲಿಗೆಯ ಯಂತ್ರದ ಕಪ್ಪು ಮೈಯ ಮೇಲೆ ಹೊಳೆಯುವ ಬಂಗಾರದ ಬಳ್ಳಿಯನ್ನು ನೋಡದವರು ನಮ್ಮ ವಾಚಕರಲ್ಲಿ ಇರಲಾರರು. ಅದನ್ನು ಚಿತ್ರಗಾರನೊಬ್ಬನು ಕುಂಚ ಹಿಡಿದು ಬರೆದಿರಬೇಕೆಂದು ಭಾವಿಸುವವರುಂಟು. ಹಾಗಲ್ಲ. ಮೊದಲು ಕಾಗದದ ಮೇಲೆ ಅಚ್ಚಾದ ಚಿತ್ರವನ್ನು ಅಲ್ಲಿಂದ ಬಿಡಿಸಿ, ಲೋಹದ ಮೇಲೆ ಕೂರಿಸಿ, ಅದರ ಮೇಲೆ ವಾರ್ನಿಷು ಬಳಿದರೆ ಆ ಬಳ್ಳಿ ಸಿದ್ಧವಾಗುವುದು. ಇಂಥ ಚಿತ್ರಕ್ಕೆ ಇಂಗ್ಲಿಷರು ಟ್ರಾನ್ಸ್‌ಫರ್ ಎಂತಲೂ ಅಮೆರಿಕದವರು ಡೆಕಲ್ ಎಂತಲೂ ಹೇಳುವರು. ಎರಡನೆಯ ಶಬ್ದವು ಡೆಕಾಲ್ಕೊಮನೀ ಎಂಬ ಫ್ರೆಂಚ್ ಶಬ್ದದ ಮೊಟಕು ರೂಪ. ಅದರ ಪೂರ್ವಪದಕ್ಕೆ ಪಡಿಯಚ್ಚನ್ನು ತೆಗೆಯುವುದೆಂದೂ ಉತ್ತರಪದಕ್ಕೆ ಹುಚ್ಚೆಂದೂ ಅರ್ಥ. ೧೮೬೦ರ ದಶಕದಲ್ಲಿ ಇಂಗ್ಲೆಂಡಿನ ಜನರು ಕಂಡ ಕಂಡ ಹೂಜಿ ಪೆಟ್ಟಿಗೆಗಳ ಮೇಲೆಲ್ಲ ಚಿತ್ರಗಳನ್ನು ಅಂಟಿಸುವುದರಲ್ಲಿ ಮಗ್ನರಾಗಿದ್ದುದನ್ನು ನೆನೆದರೆ ಶಬ್ದವು ಅನ್ವರ್ಥವೆಂದೇ ಹೇಳಬೇಕು. ಹುಚ್ಚು ಎಂಬ ಭಾಗವು ಶಬ್ದದಿಂದ ಮಾತ್ರ ಬಿಟ್ಟುಹೋಗಿದೆಯೇ ಹೊರತು ಮನುಷ್ಯರಿಂದ ಹೋಗಿಲ್ಲವೆಂಬುದು ನಮ್ಮ ಮನೆಯವರ ಅಭಿಪ್ರಾಯ.

ಈಗ ಈ ಡೆಕಲ್‌ಗಳು ಹೆಚ್ಚಾಗಿ ಬಳಕೆಯಾಗುವ ಸ್ಥಳಗಳಲ್ಲಿ ಪ್ರತಿಕೃತಿಗಳ ಪ್ರಪಂಚವೂ ಒಂದು. ವಿಮಾನ, ಹಡಗು, ರೈಲು ಮುಂತಾದವನ್ನು ನಿಯತವಾದ ಪ್ರಮಾಣದಲ್ಲಿ ಕುಗ್ಗಿಸಿ, ಬಿಡಿ ಭಾಗಗಳಾಗಿ ಪೆಟ್ಟಿಗೆಯಲ್ಲಿಟ್ಟು ಮಾರುವರು. ಕೊಂಡವನು ಅವನ್ನು ಅಂಟಿಸಿ ಬಣ್ಣ ಹಚ್ಚತಕ್ಕದ್ದು. ಇಂಗ್ಲೆಂಡಿನ ಏರ್‌ಫಿಕ್ಸ್ ಸಂಸ್ಥೆಯವರು ೧೯೫೦ರ ದಶಕದಲ್ಲಿ ಗೋಲ್ಡನ್ ಹೈಂಡ್ ಎಂಬ ಹಡಗನ್ನೂ ಬಳಿಕ ಸ್ಪಿಟ್‌ಫೈರ್ ವಿಮಾನವನ್ನೂ ಹೀಗೆ ಹೊರತಂದರು. ಬಳಿಕ ಜಪಾನಿನ ತಮಿಯಾ, ಹಸೆಗಾವ ಮೊದಲಾದವರು ಈ ವಿದ್ಯೆಯನ್ನು ಬಹಳ ಸೂಕ್ಷ್ಮತೆಗೆ ಒಯ್ದರು. ವಿಮಾನವು ೭೨ನೆಯ ಒಂದಂಶಕ್ಕೆ ಇಳಿದಾಗ ಅದರ ಬಾಲದ ಮೇಲಿನ ಅಂಕಿಯು ಅಕ್ಕಿಯ ಕಾಳಿನಷ್ಟಾಗುವುದು. ಅದನ್ನು ಕೈಯಿಂದ ಬರೆಯುವವರು ಇರಬಹುದು, ನಾವು ಕಂಡಿಲ್ಲ. ಆದುದರಿಂದಲೇ ಪ್ರತಿಯೊಂದು ಪೆಟ್ಟಿಗೆಯಲ್ಲಿಯೂ ಒಂದು ಡೆಕಲ್ ಹಾಳೆ ಇರುವುದು.

ಹಾಳೆಯ ರಚನೆಯನ್ನು ತಿಳಿದರೆ ಅದರ ಕಷ್ಟಗಳೂ ತಿಳಿಯುವುವು. ಕೆಳಗೆ ನೀರು ಹೀರುವ ಕಾಗದ. ಅದರ ಮೇಲೆ ನೀರಿಗೆ ಕರಗುವ ಗೋಂದು. ಗೋಂದಿನ ಮೇಲೆ ಕೂದಲಿಗಿಂತ ತೆಳುವಾದ ಪಾರದರ್ಶಕ ಪೊರೆ, ಅದರೊಡನೆ ಅಚ್ಚಿನ ಬಣ್ಣ. ಬೇಕಾದ ಗುರುತನ್ನು ಕತ್ತರಿಸಿ ಉಗುರುಬೆಚ್ಚಗಿನ ನೀರಿನಲ್ಲಿ ಹತ್ತಿಪ್ಪತ್ತು ಸೆಕೆಂಡು ಅದ್ದಿ ತೆಗೆದು ಸ್ವಲ್ಪ ಹೊತ್ತು ಬಿಟ್ಟರೆ, ಗೋಂದು ಕರಗಿ ಪೊರೆಯು ಕಾಗದದಿಂದ ಜಾರುವುದು. ಜಾರಿದುದನ್ನು ಕುಂಚದ ತುದಿಯಿಂದ ಸ್ವಸ್ಥಾನದಲ್ಲಿ ಕೂರಿಸಿ ನೀರನ್ನು ಒತ್ತಿ ತೆಗೆಯುವುದೇ ಪ್ರಯೋಗ. ತಾಳೆಯೋಲೆಯನ್ನು ಪ್ರತಿ ಮಾಡಿದ ಹಿಂದಿನ ಲೇಖಕರು ಗ್ರಂಥದ ಕೊನೆಯಲ್ಲಿ ಇದನ್ನು ನೀರಿನಿಂದ ಕಾಪಾಡಿರೆಂದು ಬೇಡಿಕೊಳ್ಳುತ್ತಿದ್ದುದುಂಟು. ಡೆಕಲ್ ಹಾಳೆಯ ಗತಿ ಅದಕ್ಕಿಂತ ವಿಚಿತ್ರವಾದುದು. ಯಾವ ನೀರಿನಿಂದ ಅದಕ್ಕೆ ಮೋಕ್ಷವೋ ಆ ನೀರೇ ಅಕಾಲದಲ್ಲಿ ಬಂದರೆ ಮೃತ್ಯು.

ಇನ್ನು ಸಂಸ್ಕೃತ ಪಾಠ ಹೇಳಿಕೊಂಡಿದ್ದ ನಮಗೆ ಈ ಗೊಡವೆ ಹೇಗೆ ಬಂತೆಂಬುದನ್ನು ಹೇಳಬೇಕು. ನಮ್ಮ ಅಣ್ಣನವರು ೧೯೭೨ರಲ್ಲಿ ಬೆಂಗಳೂರಿನ ವಿಮಾನ ಕಾರ್ಖಾನೆಯನ್ನು ಸೇರಿದರು. ಜರ್ಮನಿಯ ಕುರ್ಟ್ ಟ್ಯಾಂಕ್ ಎಂಬ ಪ್ರಸಿದ್ಧ ಶಿಲ್ಪಿಯ ನೇತೃತ್ವದಲ್ಲಿ ರೂಪುಗೊಂಡು, ೧೯೬೧ನೆಯ ಜೂನ್ ೧೭ರಂದು ಮೊದಲು ಹಾರಿದ ಮಾರುತ್ ಯುದ್ಧವಿಮಾನವು ಅಲ್ಲಿ ಆಗಿನ್ನೂ ತಯಾರಾಗುತ್ತಿತ್ತು. (ಶಬ್ದವು ಮಾರುತ, ಕಡೆಯ ಅಕಾರವನ್ನು ಉತ್ತರದವರು ನುಂಗಿದರು. ಅಣ್ಣನವರ ಎದುರಿಗೆ ನಾವು ಇದನ್ನು ಪ್ರತಿ ಸಲವೂ ಹೇಳುತ್ತಿದ್ದೆವು. ಅವರು ಪ್ರತಿ ಸಲವೂ ನಗುತ್ತಿದ್ದರು.) ಒಟ್ಟು ೧೪೭ ಮಾರುತ್‌ಗಳು ಅಲ್ಲಿ ಹುಟ್ಟಿದುವು. ಅವುಗಳಲ್ಲಿ ಕೆಲವಕ್ಕೆ ಅಣ್ಣನವರ ಕೈ ಸೋಕಿತ್ತು. ಒಂದರ ಸಂಖ್ಯೆಯನ್ನಂತೂ ಮಕ್ಕಳ ಜನ್ಮನಕ್ಷತ್ರದಂತೆ ನೆನಪಿಟ್ಟುಕೊಂಡಿದ್ದರು. ೨೦೧೧ರಲ್ಲಿ ನಿವೃತ್ತರಾದ ಮೇಲೆ ಪ್ರತಿಕೃತಿಗಳನ್ನು ಕಟ್ಟುವುದೇ ಅವರ ಕಾಲಕ್ಷೇಪವಾಯಿತು. ೨೦೨೧ರಲ್ಲಿ ಅವರು ತೀರಿಹೋದರು.

ಮಾರನೆಯ ವರ್ಷದ ವೈಶಾಖದಲ್ಲಿ ಅತ್ತಿಗೆಯವರು ಅವರ ಪೆಟ್ಟಿಗೆಗಳನ್ನೆಲ್ಲ ತೀರ್ಥಹಳ್ಳಿಯ ನಮ್ಮ ಮನೆಗೆ ಕಳುಹಿಸಿದರು. ಮಕ್ಕಳಿಬ್ಬರೂ ಪರದೇಶದಲ್ಲಿರುವರು, ಅವರಿಗೆ ಇವುಗಳಲ್ಲಿ ಆಸಕ್ತಿ ಇಲ್ಲ. ತೆರೆದು ನೋಡಲಾಗಿ ಕಟ್ಟಿ ಮುಗಿದ ವಿಮಾನಗಳು ಇಪ್ಪತ್ತಕ್ಕೆ ಕಡಿಮೆ. ಡೆಕಲ್ ಹಾಳೆಗಳಾದರೋ ೨೧೪. ಕೆಲವು ಪೆಟ್ಟಿಗೆಗಳಲ್ಲಿ ಬಿಡಿ ಭಾಗಗಳ ಕೆಳಗೆ ಸಿಕ್ಕಿ ಗೀರುಬಿದ್ದಿದ್ದುವು; ಕೆಲವು ಒಂದರ ಮುಖಕ್ಕೆ ಒಂದು ತಗಲಿ ಅಂಟಿಕೊಂಡಿದ್ದುವು; ಹಲವು ಹಳದಿಗಟ್ಟಿದ್ದುವು. ಎಲ್ಲಕ್ಕೂ ಕೆಳಗಿನ ಪೆಟ್ಟಿಗೆಯಲ್ಲಿ ಮಾರುತ್ ಇತ್ತು. ನಿಜವಾದ ವಿಮಾನದ ಉದ್ದ ೧೫.೮೭ ಮೀಟರ್, ಇದು ೨೨ ಸೆಂಟಿಮೀಟರ್, ಎಂದರೆ ಒಂದು ಗೇಣು. ಅಣ್ಣನವರು ಅದನ್ನು ಜೋಡಿಸಿ, ಬಣ್ಣ ಹಚ್ಚಿ, ಡೆಕಲ್‌ಗೆ ಬೇಕಾದ ಹೊಳಪಿನ ವಾರ್ನಿಷನ್ನೂ ಬಳಿದು, ಅಲ್ಲಿಗೆ ನಿಲ್ಲಿಸಿದ್ದರು. ಪಕ್ಕದಲ್ಲಿ ಅದರ ಹಾಳೆ. ತಯಾರಿಸಿದ ಸಣ್ಣ ವ್ಯಾಪಾರಿ ಅಂಗಡಿಯನ್ನು ಮುಚ್ಚಿ ವರ್ಷಗಳಾಗಿವೆ. ಅಂಥ ಇನ್ನೊಂದು ಹಾಳೆ ಸಿಕ್ಕುವಂತಿಲ್ಲ. ಅದರಲ್ಲಿದ್ದ ಮೂರು ವಿಮಾನಗಳ ಸಂಖ್ಯೆಗಳಲ್ಲಿ ಅಣ್ಣನವರು ಹೇಳುತ್ತಿದ್ದ ಸಂಖ್ಯೆಯೂ ಒಂದಾಗಿತ್ತು.

ಬೆಂಗಳೂರಿನ ಒಣ ಹವೆಯಲ್ಲಿ ಬದುಕಿದ್ದ ಹಾಳೆಗಳಿಗೆ ಮಲೆನಾಡಿನ ಮಳೆಗಾಲವು ಎದುರಾಗುವುದಿತ್ತು. ಆಷಾಢದಲ್ಲಿ ನಮ್ಮಲ್ಲಿ ಪಂಚಾಂಗದ ಹಾಳೆಯೂ ಬಟ್ಟೆಯಂತೆ ಬಾಗುವುದೆಂಬುದನ್ನು ಅಲ್ಲಿಯವರು ಬಲ್ಲರು. ಗಾಳಿಯ ತೇವವನ್ನು ಗೋಂದು ಕುಡಿಯುತ್ತದೆ. ಕುಡಿದು ಮೆತ್ತಗಾಗಿ ಮೇಲಿನ ಹಾಳೆಯನ್ನು ಹಿಡಿದುಕೊಳ್ಳುತ್ತದೆ. ಈ ವಿಷಯದಲ್ಲಿ ನಮಗೆ ಗುರುಗಳಾದವರು ನಮ್ಮ ಮನೆಯವರೇ. ಹಪ್ಪಳ ಸಂಡಿಗೆಗಳನ್ನು ಮಳೆಗಾಲ ದಾಟಿಸುವ ವಿದ್ಯೆ ಯಾವುದೋ ಅದೇ ಇದಕ್ಕೂ ಸಾಕೆಂದು ಅವರು ಹೇಳಿದರು: ಒಣಗಿದ ದಿನವೇ ತುಂಬಬೇಕು, ಮುಚ್ಚಳ ಬಿಗಿಯಾಗಿರಬೇಕು, ಪದೇ ಪದೇ ತೆರೆಯಕೂಡದು. ಇದಕ್ಕಿಂತ ಹೆಚ್ಚಿನದನ್ನು ನಾವು ಓದಿದ ಯಾವ ಲೇಖನವೂ ಹೇಳಲಿಲ್ಲ.

ಮಳೆ ಹಿಡಿಯುವುದಕ್ಕೆ ಮುಂಚೆ, ಬಿಸಿಲಿದ್ದ ಜ್ಯೇಷ್ಠದ ಮೊದಲ ದಿನಗಳಲ್ಲಿ ಕೆಲಸವನ್ನು ಹಿಡಿದೆವು. ಪ್ರತಿಯೊಂದು ಹಾಳೆಗೂ ಒಂದೊಂದು ಪಾರದರ್ಶಕ ಚೀಲ. ಚೀಲವು ಪಾಲಿಪ್ರೊಪಿಲೀನ್ ಅಥವಾ ಪಾಲಿಥೀನಿನದಾಗಿರತಕ್ಕದ್ದು. ಪಿ.ವಿ.ಸಿ.ಯ ಮೆತ್ತನೆಯ ಹಾಳೆಗಳಿಗೆ ಮಾರುಹೋಗಬಾರದು. ಅವುಗಳನ್ನು ಮೆತ್ತಗಾಗಿಸಲು ಸೇರಿಸಿದ ದ್ರವ್ಯವು ಕಾಲಕ್ರಮದಲ್ಲಿ ಹೊರಗೆ ಬೆವರಿ ಅಚ್ಚಿಗೆ ಅಂಟುತ್ತದೆ. ತಯಾರಕರು ಹಾಳೆಯ ಮೇಲೆ ಹೊದಿಸಿದ ತೆಳುಕಾಗದವಿದ್ದರೆ ಅದನ್ನು ತೆಗೆಯಕೂಡದು. ಮುದ್ರಿತ ಮುಖವನ್ನು ಬೆರಳಿನಿಂದ ಮುಟ್ಟಕೂಡದು, ಬೆರಳಿನಲ್ಲಿ ಎಣ್ಣೆಯುಂಟು. ಚೀಲದಲ್ಲಿಯೇ ಗುರುತುಗಳ ಸ್ಥಾನವನ್ನು ತೋರಿಸುವ ವಿವರಣಪತ್ರವನ್ನೂ ಮಡಿಸಿಡಬೇಕು. ಅದಿಲ್ಲದ ಹಾಳೆಯು ಭಾಷ್ಯವಿಲ್ಲದ ಸೂತ್ರದಂತೆ. ಇದೆ, ಆದರೆ ಯಾವುದಕ್ಕೆ ಅನ್ವಯವೆಂದು ಹೇಳುವವರಿಲ್ಲ.

ಚೀಲಗಳನ್ನು ನಿಲ್ಲಿಸದೆ, ಸುರುಳಿ ಸುತ್ತದೆ, ಮುಖ ಮೇಲಾಗಿ ಮಲಗಿಸಿ, ಬಿಗಿಯಾದ ಮುಚ್ಚಳದ ಡಬ್ಬಿಗಳಲ್ಲಿಟ್ಟೆವು. ಒಂದೊಂದು ಡಬ್ಬಿಗೂ ತೇವವನ್ನು ಹೀರುವ ಸಿಲಿಕಾ ಜೆಲ್ಲಿನ ಪೊಟ್ಟಣ. ಇದರಲ್ಲಿ ನೀಲಿಯ ಬಗೆಯೊಂದುಂಟು. ತೇವ ಕುಡಿದು ತುಂಬಿದಾಗ ನಸುಗೆಂಪಾಗುವುದು, ಕಾಯಿಸಿದರೆ ಮತ್ತೆ ನೀಲಿಯಾಗುವುದು. ಆ ಬಣ್ಣವು ಕೋಬಾಲ್ಟಿನ ಲವಣದ್ದು, ವಿಷಕರವಾದುದು. ಅಡಿಗೆಯ ಪಾತ್ರೆಯಲ್ಲಿ ಅದನ್ನು ಎಂದಿಗೂ ಕಾಯಿಸತಕ್ಕದ್ದಲ್ಲ, ಮಕ್ಕಳ ಕೈಗೂ ಸಿಕ್ಕಬಾರದು. ಡಬ್ಬಿಗಳು ಒಳಗೋಡೆಗೆ ತಗಲಿದ ಬೀರುವಿನ ನಡುವಣ ಹಲಗೆಯಲ್ಲಿವೆ. ಅಟ್ಟದ ಮೇಲೆ ಸೆಕೆ, ನೆಲದ ಹತ್ತಿರ ತಂಪು, ಹೊರಗೋಡೆಯಲ್ಲಿ ಮಳೆಯ ಒಸರು. ನುಸಿಗುಳಿಗೆಯನ್ನು ನಾವು ಈ ಬೀರುವಿನೊಳಕ್ಕೆ ಬಿಡುವುದಿಲ್ಲ. ಡಬ್ಬಿಯು ಬಿಗಿಯಾಗಿದ್ದರೆ ಗೋಂದಿನ ಆಸೆಗೆ ಬರುವ ಪುಸ್ತಕದ ಹುಳುವಿಗೂ ದಾರಿಯಿಲ್ಲ.

ಇಟ್ಟರೆ ಸಾಲದು; ಬೇಕಾದಾಗ ಸಿಕ್ಕಬೇಕು. ಇಲ್ಲಿ ನಮ್ಮ ಹಳೆಯ ವಿದ್ಯೆಯು ಕೈಹಿಡಿಯಿತು. ಕಾತ್ಯಾಯನನ ಸರ್ವಾನುಕ್ರಮಣಿಯಲ್ಲಿ ಋಗ್ವೇದದ ಸೂಕ್ತ ಸೂಕ್ತಕ್ಕೂ ಋಷಿ, ದೇವತೆ, ಛಂದಸ್ಸು ಇವುಗಳನ್ನು ಹೇಳಿದೆ. ಹಾಗೆಯೇ ನಾವೊಂದು ದಪ್ಪ ನೋಟುಪುಸ್ತಕದಲ್ಲಿ ಹಾಳೆ ಹಾಳೆಗೂ ತಯಾರಕನು ಯಾರು, ವಿಮಾನವು ಯಾವುದು, ಪ್ರಮಾಣವೆಷ್ಟು ಎಂದು ಬರೆದೆವು. ಮೂರನ್ನೂ ಬರೆಯಲೇಬೇಕು. ೧/೪೮ ಪ್ರಮಾಣದ ಗುರುತನ್ನು ೧/೭೨ರ ವಿಮಾನಕ್ಕೆ ಹಚ್ಚಿದರೆ ಅನುಷ್ಟುಪ್ಪಿನೊಳಕ್ಕೆ ಶಾರ್ದೂಲವಿಕ್ರೀಡಿತದ ಪಾದವನ್ನು ತುರುಕಿದಂತಾಗುವುದು. ನಾಲ್ಕನೆಯ ಅಂಕಣದಲ್ಲಿ ಹಾಳೆಯ ಸ್ಥಿತಿ, ಯಾವ ಗುರುತುಗಳು ಉಪಯೋಗವಾಗಿ ಹೋಗಿವೆಯೆಂಬ ವಿವರ.

ಜೋಡಿಸುವ ಕ್ರಮದಲ್ಲಿ ಮತಭೇದವುಂಟು. ತಯಾರಕರ ಹೆಸರಿನ ಅಕ್ಷರಕ್ರಮದಲ್ಲಿ ಇಡುವವರು ಕೆಲವರು. ನಮ್ಮ ಪಕ್ಷವು ಅಮರಸಿಂಹನದು. ಅವನು ಶಬ್ದಗಳನ್ನು ಅಕಾರಾದಿಯಾಗಿ ಇಡದೆ ಸ್ವರ್ಗವರ್ಗ, ವಾರಿವರ್ಗ ಎಂದು ವಿಷಯದಿಂದ ಹಂಚಿದನು. ನಾವು ದೇಶದಿಂದಲೂ ಅದರೊಳಗೆ ವಿಮಾನದ ಜಾತಿಯಿಂದಲೂ ಹಂಚಿದೆವು. ಇಲ್ಲಿ ಒಂದು ತೊಡಕು ಬರುವುದು. ಬರಿಯ ಅಕ್ಷರ, ಅಂಕಿ, ವರ್ತುಲಗಳ ಹಾಳೆಗಳು ಯಾವ ಒಂದು ವಿಮಾನಕ್ಕೂ ಸೇರದೆ ಎಲ್ಲಕ್ಕೂ ಸಲ್ಲುತ್ತವೆ. ಅಮರಸಿಂಹನಿಗೂ ಇಂಥ ಶಬ್ದಗಳು ಎದುರಾಗಿದ್ದುವು. ಅವುಗಳಿಗಾಗಿ ಅವನು ಕೊನೆಯ ಕಾಂಡದಲ್ಲಿ ನಾನಾರ್ಥವರ್ಗವನ್ನು ಮಾಡಿದನು. ನಮ್ಮ ಕೊನೆಯ ಡಬ್ಬಿಯ ಮೇಲೆಯೂ ನಾನಾರ್ಥವರ್ಗವೆಂದು ಚೀಟಿ ಅಂಟಿಸಿದೆ. ಎಲ್ಲಕ್ಕಿಂತ ಹೆಚ್ಚಾಗಿ ತೆರೆಯಲ್ಪಡುವುದು ಅದೇ.

ಮಾರುತ್ ಹಾಳೆಯ ಸಂಖ್ಯೆ ನಮ್ಮ ಪುಸ್ತಕದಲ್ಲಿ ೧೧೭. ಅದರ ಪೊರೆಯು ಜೇನಿನ ಬಣ್ಣಕ್ಕೆ ತಿರುಗಿತ್ತು. ಒಂದು ಅಡ್ಡಬಿರುಕೂ ಕಂಡಿತು. ಅದನ್ನು ಭದ್ರವಾಗಿ ಕಟ್ಟಿಡುವುದೇ ಲೇಸೆಂದು ನಮ್ಮ ಮನಸ್ಸಿನಲ್ಲಿತ್ತು. ಹಚ್ಚಲು ಹೋಗಿ ನೀರಿನಲ್ಲಿ ಚೂರುಚೂರಾದರೆ ಅಣ್ಣನವರ ವಿಮಾನವು ಎಂದೆಂದಿಗೂ ಹೆಸರಿಲ್ಲದೆ ಉಳಿಯುವುದು. ನವರಾತ್ರಿಗೆ ಬಂದಿದ್ದ ಅತ್ತಿಗೆಯವರಿಗೆ ಬೀರುವನ್ನು ತೆರೆದು ತೋರಿಸಿದೆವು. ಅವರು ಡಬ್ಬಿಗಳನ್ನೂ ಪುಸ್ತಕವನ್ನೂ ನೋಡಿದರು, ಚೆನ್ನಾಗಿದೆಯೆಂದರು. ಆಮೇಲೆ, “ಮಾರುತ್‌ದು ಎಂದು ಹಚ್ಚುತ್ತೀಯಪ್ಪ?” ಎಂದು ಕೇಳಿದರು. ನಾವು ಅಪಾಯವನ್ನು ವಿವರಿಸಿದೆವು. “ಕಟ್ಟಿಡುವುದಾದರೆ ನಾನೇ ಇಟ್ಟುಕೊಳ್ಳುತ್ತಿದ್ದೆ. ನಿನಗೇಕೆ ಕಳುಹಿಸಿದೆ?” ಎಂದರು.

ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ವಿಚಾರಿಸಿದರೆ ಅವರ ಮಾತೇ ಸರಿ. ಎಷ್ಟು ಜೋಪಾನ ಮಾಡಿದರೂ ಪೊರೆಯ ಮುಪ್ಪನ್ನು ನಿಧಾನ ಮಾಡಬಹುದೇ ಹೊರತು ನಿಲ್ಲಿಸಲಾಗದು. ಹತ್ತು ವರ್ಷ ಕಳೆದರೆ ಈಗಿರುವ ಅವಕಾಶವೂ ಇರದು. ನಮ್ಮ ಕಣ್ಣುಗಳ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕಾಗಿಲ್ಲ.

ಮೊದಲು ಹಾಳೆಯ ಪಕ್ಕದಲ್ಲಿ ಅಳತೆಪಟ್ಟಿಯನ್ನಿಟ್ಟು ಸ್ಕ್ಯಾನ್ ಮಾಡಿಸಿ ಪ್ರತಿಯನ್ನು ಇಟ್ಟುಕೊಂಡೆವು. ಆದರೆ ಪ್ರತಿಯು ಮೂಲದ ಸ್ಥಾನದಲ್ಲಿ ನಿಲ್ಲಲಾರದು. ನಮ್ಮ ವಾಯುಸೇನೆಯ ವರ್ತುಲದಲ್ಲಿ ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು. ಸಾಧಾರಣ ಮುದ್ರಣಯಂತ್ರವು ಬಿಳಿಯ ಬಣ್ಣವನ್ನು ಅಚ್ಚುಹಾಕುವುದೇ ಇಲ್ಲ. ಕಾಗದದ ಬಿಳುಪನ್ನೇ ನೆಚ್ಚಿಕೊಂಡಿರುತ್ತದೆ.

ಹಳದಿಯನ್ನು ತೆಗೆಯುವ ಉಪಾಯವು ಪ್ರತಿಕೃತಿಕಾರರಲ್ಲೆಲ್ಲ ಪ್ರಸಿದ್ಧವಾದುದು. ಹಾಳೆಯನ್ನು ಬಿಗಿಯಾದ ಚೀಲದಲ್ಲಿಟ್ಟು, ಬಿಸಿಲು ಬೀಳುವ ಕಿಟಕಿಯ ಗಾಜಿಗೆ ಒಳಗಡೆಯಿಂದ ಅಂಟಿಸತಕ್ಕದ್ದು, ಮುಖವು ಹೊರಗೆ. ಬಿಸಿಲು ಹಳದಿಯನ್ನು ಮೆಲ್ಲನೆ ತಿನ್ನುವುದು. ಬಣ್ಣವನ್ನೂ ತಿಂದೀತೆಂಬ ಭಯದಿಂದ ದಿನವೂ ನೋಡುತ್ತಿರಬೇಕು. ಮಾರ್ಗಶಿರದಲ್ಲಿ ನಮ್ಮ ಪೂರ್ವದ ಕಿಟಕಿಗೆ ಅಂಟಿಸಿದ ಹಾಳೆಯು ಐದು ವಾರಗಳಲ್ಲಿ ತಿಳಿಯಾಯಿತು. ಕೇಸರಿಯು ಮಾಸಲಿಲ್ಲ.

ಬಳಿಕ ಪರೀಕ್ಷೆ. ಹಾಳೆಯ ಮೂಲೆಯಲ್ಲಿದ್ದ ತಯಾರಕನ ಹೆಸರು ಯಾವ ವಿಮಾನಕ್ಕೂ ಬೇಡವಾದುದು. ಅದನ್ನು ಕತ್ತರಿಸಿ ನೀರಿನಲ್ಲಿ ಅದ್ದಿದೆವು. ಜಾರಿತು, ಜಾರುತ್ತ ನಾಲ್ಕು ಚೂರಾಯಿತು. ಇಂಥ ಹಾಳೆಗೆ ಹೊಸ ಪೊರೆಯನ್ನು ಕೊಡಬೇಕು. ಅದಕ್ಕಾಗಿಯೇ ಅಮೆರಿಕದ ಮೈಕ್ರೋಸ್ಕೇಲ್ ಸಂಸ್ಥೆಯವರ ದ್ರವವೊಂದು ದೊರೆಯುತ್ತದೆ. ತೆಳುವಾಗಿ ಎರಚಿದ ಪಾರದರ್ಶಕ ವಾರ್ನಿಷೂ ಆಗಬಹುದು. ನಾವು ಎರಡನೆಯದನ್ನೇ ಎರಡು ಸಲ ಎರಚಿ, ಎರಡು ದಿನ ಒಣಗಿಸಿದೆವು. ಹೊಸ ಪೊರೆಯು ಇಡೀ ಹಾಳೆಗೆ ಒಂದೇ ಆಗುವುದರಿಂದ ಪ್ರತಿಯೊಂದು ಗುರುತನ್ನೂ ಅಂಚಿಗೆ ಸಮೀಪವಾಗಿ ಬಿಡಿಬಿಡಿಯಾಗಿ ಕತ್ತರಿಸಬೇಕು. ಹಾಳೆಯಲ್ಲಿ ಬೇಡವಾದ ಸಣ್ಣ ಬರಹವೊಂದು ಉಳಿದಿತ್ತು. ಅದನ್ನು ಅದ್ದಿ ನೋಡಿದೆವು. ಚೂರಾಗಲಿಲ್ಲ.

ಶಿವರಾತ್ರಿ ಕಳೆದ ಒಂದು ಬೆಳಗ್ಗೆ ರೆಕ್ಕೆಗಳ ಮೇಲೂ ಕೆಳಗೂ ನಾಲ್ಕು, ಒಡಲಿನ ಇಬ್ಬದಿಗೆ ಎರಡು, ಹೀಗೆ ಆರು ವರ್ತುಲಗಳನ್ನೂ ಕೂರಿಸಿ, ಆಮೇಲೆ ಸಂಖ್ಯೆಗಳಿಗೆ ಕೈಹಾಕಿದೆವು. ಮೈಯಲ್ಲಿ ಹೊಳಪಿಲ್ಲದಿದ್ದರೆ ಪೊರೆಯ ಕೆಳಗೆ ಗಾಳಿ ನಿಂತು ಬೆಳ್ಳಿಯ ಛಾಯೆ ಕಾಣುವುದು. ಅಣ್ಣನವರು ಬಳಿದಿದ್ದ ವಾರ್ನಿಷಿನಿಂದ ನಮಗೆ ಆ ತೊಂದರೆ ಬರಲಿಲ್ಲ. ಎಡಗಡೆಯ ಸಂಖ್ಯೆಯ ಕೊನೆಯ ಅಂಕಿಯಲ್ಲಿ ಹಳೆಯ ಬಿರುಕು ಸ್ವಲ್ಪ ಬಾಯಿಬಿಟ್ಟಿತು. ಕುಂಚದ ತುದಿಯಿಂದ ಎರಡು ಭಾಗಗಳನ್ನೂ ಕೂಡಿಸಿದೆವು. ಭೂತಗನ್ನಡಿಯಿಂದ ನೋಡಿದರೆ ಈಗಲೂ ಗೆರೆಯು ಕಾಣುವುದು.

ಯುಗಾದಿಗೆ ಬಂದ ಅತ್ತಿಗೆಯವರು ವಿಮಾನವನ್ನು ಅಂಗೈಯ ಮೇಲಿಟ್ಟುಕೊಂಡು ಕನ್ನಡಕವನ್ನು ಹಾಕಿಕೊಂಡು ಬಾಲವನ್ನೇ ಬಹಳ ಹೊತ್ತು ನೋಡಿದರು. “ಅವರು ಹೇಳುತ್ತಿದ್ದ ನಂಬರೇ” ಎಂದರು. ಹಿಂತಿರುಗುವಾಗ ಅದನ್ನು ಹತ್ತಿಯಲ್ಲಿ ಸುತ್ತಿ, ಸಿಹಿತಿಂಡಿಯ ಪೆಟ್ಟಿಗೆಯೊಂದರಲ್ಲಿಟ್ಟು, ಬಸ್ಸಿನಲ್ಲಿ ತೊಡೆಯ ಮೇಲೆಯೇ ಇಟ್ಟುಕೊಂಡು ಹೋದರು. ನಮ್ಮ ಪುಸ್ತಕದ ನಾಲ್ಕನೆಯ ಅಂಕಣದಲ್ಲಿ ೧೧೭ನೆಯ ಹಾಳೆಯ ಎದುರಿಗೆ, ಎರಡು ವಿಮಾನಗಳ ಸಂಖ್ಯೆಗಳು ಉಳಿದಿವೆ, ವರ್ತುಲಗಳು ಮುಗಿದಿವೆ, ಬೇಕಾದರೆ ನಾನಾರ್ಥವರ್ಗದಿಂದ ತೆಗೆದುಕೊಳ್ಳುವುದು ಎಂದು ಬರೆದಿದೆ.