ಕೈಯ ಫುಟ್‌ಬಾಲು, ಕಾಲಿನ ಸಾಕರು

ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವ ಆಟಕ್ಕೆ ‘ಫುಟ್‌ಬಾಲ್’ ಎಂದು ಹೆಸರಿಟ್ಟು, ಕಾಲಿನಿಂದಲೇ ಒದ್ದು ಆಡುವ ಆಟವನ್ನು ‘ಸಾಕರ್’ ಎಂದು ಕರೆಯುವ ಜನ ಅಮೆರಿಕದವರು. ಇದನ್ನು ಕೇಳಿ ನಗದ ಇಂಗ್ಲಿಷಿನವನಿಲ್ಲ. ಆದರೆ ಶಬ್ದಗಳ ಜಾತಕ ನೋಡುವುದೇ ಹೊಟ್ಟೆಪಾಡಾಗಿರುವ ನನ್ನಂಥ ಕನ್ನಡ ಮೇಷ್ಟರಿಗೆ ನಗು ಬರುವುದು ಆ ನಗುವ ಇಂಗ್ಲಿಷಿನವನನ್ನು ನೋಡಿ. ಏಕೆಂದರೆ ‘ಸಾಕರ್’ ಹುಟ್ಟಿದ್ದು ಅವನ ಮನೆಯಲ್ಲೇ. 1863ರಲ್ಲಿ ಲಂಡನ್ನಿನಲ್ಲಿ ಫುಟ್‌ಬಾಲ್ ಅಸೋಸಿಯೇಷನ್ ಸ್ಥಾಪನೆಯಾಯಿತು; ಅದರ ಕಟ್ಟಳೆಯಂತೆ ಆಡುವ ಆಟ ‘ಅಸೋಸಿಯೇಷನ್ ಫುಟ್‌ಬಾಲ್’ ಎನಿಸಿತು. ಆಕ್ಸ್‌ಫರ್ಡಿನ ಹುಡುಗರಿಗೆ ಯಾವ ಶಬ್ದ ಸಿಕ್ಕಿದರೂ ಮುರಿದು ಅದರ ಬಾಲಕ್ಕೊಂದು ‘ಅರ್’ ಅಂಟಿಸುವ ಚಟ. ರಗ್ಬಿ ಅವರ ಬಾಯಲ್ಲಿ ‘ರಗ್ಗರ್’ ಆಯಿತು. ಅಸೋಸಿಯೇಷನ್ನಿನ ತಲೆಯನ್ನೂ ಬಾಲವನ್ನೂ ಕತ್ತರಿಸಿ ನಡುವಿನ ತುಂಡನ್ನು ಹಿಡಿದು ‘ಸಾಕರ್’ ಮಾಡಿದರು. ನಮ್ಮ ಕೇಶಿರಾಜ ಕಂಡಿದ್ದರೆ ಅಪಭ್ರಂಶ ಪ್ರಕರಣಕ್ಕೆ ಇನ್ನೊಂದು ಸೂತ್ರ ಸೇರಿಸುತ್ತಿದ್ದನೋ ಏನೋ! ಈಗ ಹೆತ್ತವರೇ ಆ ಕೂಸನ್ನು ‘ಅಮೆರಿಕದ ಅಪಶಬ್ದ’ವೆಂದು ಮೂಗು ಮುರಿಯುತ್ತಿದ್ದಾರೆ.

ಹೆಸರಿನಂತೆ ಆಟವೂ ಅಲ್ಲಿಗೆ ನಿನ್ನೆ ಮೊನ್ನೆ ಬಂದದ್ದಲ್ಲ. ಈಚೆಗೊಂದು ಬೇಸಿಗೆಯ ರಜದಲ್ಲಿ ನ್ಯೂ ಜೆರ್ಸಿಯಲ್ಲಿರುವ ತಂಗಿಯ ಮನೆಗೆ ಹೋಗಿ ಎರಡು ತಿಂಗಳು ಇದ್ದೆ. ಒಂದು ದಿನ ಅವಳ ಗಂಡ ನನ್ನನ್ನು ಕಾರಿನಲ್ಲಿ ಕರ್ನಿ ಎಂಬ ಊರಿನ ಮೂಲಕ ಕರೆದೊಯ್ದರು. ನೋಡುವುದಕ್ಕೆ ಅಂಥ ಸೊಬಗಿನ ಊರೇನಲ್ಲ. ಆದರೆ 19ನೇ ಶತಮಾನದಲ್ಲಿ ಸ್ಕಾಟ್ಲೆಂಡಿನ ಕ್ಲಾರ್ಕ್ ಎಂಬ ನೂಲಿನ ಕಂಪನಿ ಅಲ್ಲಿ ಗಿರಣಿ ಹಾಕಿತು. ಕೆಲಸಗಾರರು ಗಂಟುಮೂಟೆಯೊಂದಿಗೆ ತಮ್ಮ ಕಾಲ್ಚೆಂಡನ್ನೂ ತಂದರು. 1885ರಿಂದ 1887ರವರೆಗೆ ಮೂರು ವರ್ಷವೂ ಅಮೆರಿಕನ್ ಕಪ್ಪು ಆ ಗಿರಣಿಯ ಟೀಮಿಗೇ ಸಂದಿತು. ನೂರು ವರ್ಷ ಕಳೆದ ಮೇಲೆ, 1994ರ ವಿಶ್ವಕಪ್ಪಿನಲ್ಲಿ ಅಮೆರಿಕದ ಪರವಾಗಿ ಆಡಿದ ಟೋನಿ ಮಿಯೋಲಾ, ಜಾನ್ ಹಾರ್ಕ್ಸ್, ಟ್ಯಾಬ್ ರಾಮೋಸ್ ಮೂವರೂ ಬೆಳೆದದ್ದು ಇದೇ ಕರ್ನಿಯಲ್ಲಿ. ಒಬ್ಬನ ಮನೆಯವರು ಇಟಲಿಯಿಂದ, ಒಬ್ಬನವರು ಸ್ಕಾಟ್ಲೆಂಡಿನಿಂದ, ಇನ್ನೊಬ್ಬನವರು ಉರುಗ್ವೆಯಿಂದ ಬಂದವರು.

ಹೀಗೆ ಆಟ ಇತ್ತು. ಆದರೆ ಬೀದಿಯಂಚಿನಲ್ಲಿ ಇತ್ತು. ವಲಸೆ ಬಂದ ತಂದೆಯ ಮಗ ಬೇಸ್‌ಬಾಲಿನ ದೊಣ್ಣೆ ಹಿಡಿದರೆ ಅಮೆರಿಕದವನಾದನೆಂದು ಲೆಕ್ಕ. ಕಾಲ್ಚೆಂಡು ಒದೆಯುತ್ತ ಕುಳಿತರೆ ಅಪ್ಪನ ಊರಿನವನಾಗಿಯೇ ಉಳಿದನೆಂದು ಅರ್ಥ. ಅಪ್ಪನ ಭಾಷೆ, ಅಪ್ಪನ ಊಟ, ಅಪ್ಪನ ಆಟ—ಮೂರನ್ನೂ ಶಾಲೆಯ ಬಾಗಿಲಲ್ಲಿ ಬಿಚ್ಚಿಟ್ಟು ಒಳಗೆ ಹೋಗಬೇಕಾಗಿದ್ದ ಕಾಲ ಅದು. ಅದಕ್ಕೇ 1950ರಲ್ಲಿ ಬ್ರೆಜಿಲಿನ ಬೆಲೊ ಹೊರಿಜಾಂಟೆಯಲ್ಲಿ ನಡೆದ ಪವಾಡ ಅವರ ಮನೆಮಾತಾಗಲಿಲ್ಲ. ಜೂನ್ 29ರಂದು ಅಮೆರಿಕದ ಟೀಮು ಇಂಗ್ಲೆಂಡನ್ನು 1-0ರಿಂದ ಸೋಲಿಸಿತು. ಇಂಗ್ಲೆಂಡಿನದು ಬಿಲ್ಲಿ ರೈಟ್, ಟಾಮ್ ಫಿನ್ನಿಯಂಥ ಮಹಾರಥಿಗಳ ಪಡೆ. ಇತ್ತ ಅಮೆರಿಕದ ಗೋಲಿ ಫ್ರಾಂಕ್ ಬೋರ್ಗಿ ಶವಸಂಸ್ಕಾರದ ಮಳಿಗೆಯ ಗಾಡಿ ಓಡಿಸುವವನು. ವಾಲ್ಟರ್ ಬಾರ್ ಶಾಲಾ ಮೇಷ್ಟರು. (ನಮ್ಮ ಕುಲಬಾಂಧವರೆಂದು ನನಗೆ ಒಂದಿಷ್ಟು ಅಭಿಮಾನ.) ಮೇಷ್ಟರು ಒದ್ದ ಚೆಂಡಿಗೆ ತಲೆಕೊಟ್ಟು ಗೋಲು ಹೊಡೆದವನು ಜೋ ಗೇಟ್ಜೆನ್ಸ್, ಹೈಟಿ ದೇಶದವನು, ನ್ಯೂಯಾರ್ಕಿನಲ್ಲಿ ಓದುತ್ತ ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಿದ್ದ ಹುಡುಗ. ಅವನು ಅಮೆರಿಕದ ಪ್ರಜೆಯೂ ಆಗಿರಲಿಲ್ಲ. ಆ ಪಂದ್ಯಾವಳಿಗೆ ಅಮೆರಿಕದಿಂದ ಬಂದಿದ್ದ ಪತ್ರಕರ್ತ ಒಬ್ಬನೇ, ಸೇಂಟ್ ಲೂಯಿಸಿನ ಡೆಂಟ್ ಮೆಕ್‌ಸ್ಕಿಮಿಂಗ್. ಅವನೂ ರಜ ಹಾಕಿ, ಸ್ವಂತ ಖರ್ಚಿನಲ್ಲಿ ಬಂದಿದ್ದ. ಗೇಟ್ಜೆನ್ಸನ ಮುಂದಿನ ಕಥೆ ಸುಖದ್ದಲ್ಲ. ಅವನು ತನ್ನ ನಾಡಿಗೆ ಮರಳಿದ. 1964ರ ಜುಲೈಯಲ್ಲಿ ಸರ್ವಾಧಿಕಾರಿ ದುವಾಲಿಯೆಯ ಗೂಂಡಾಪಡೆ ಅವನನ್ನು ಎಳೆದುಕೊಂಡು ಹೋಯಿತು. ಮತ್ತೆ ಯಾರೂ ಅವನನ್ನು ಕಾಣಲಿಲ್ಲ.

ಅಂದಹಾಗೆ, ಆ 1950ರ ವಿಶ್ವಕಪ್ಪಿಗೆ ನಮ್ಮ ದೇಶಕ್ಕೂ ಕರೆಯಿತ್ತು, ನಾವು ಹೋಗಲಿಲ್ಲ. ಬರಿಗಾಲಲ್ಲಿ ಆಡಲು ಬಿಡಲಿಲ್ಲವೆಂಬ ಕಥೆ ಬಲು ಜನಪ್ರಿಯ. ನಮ್ಮ ಹಿರಿಯರಿಗೆ ಒಲಿಂಪಿಕ್ಸೇ ದೊಡ್ಡದಾಗಿ ಕಂಡಿತ್ತೆಂಬುದು ನಿಜಕ್ಕೆ ಹೆಚ್ಚು ಹತ್ತಿರ. ಎರಡು ವರ್ಷ ಹಿಂದೆ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ಮೇಲೆ ಗೋಲು ಹೊಡೆದ ಸಾರಂಗಪಾಣಿ ರಾಮನ್ ನಮ್ಮ ಬೆಂಗಳೂರಿನವರು. ಇದನ್ನು ಬೆಂಗಳೂರಿನಲ್ಲಿಯೇ ಎಷ್ಟು ಜನ ಬಲ್ಲರು? ಮರೆಯುವುದರಲ್ಲಿ ಅಮೆರಿಕದವರು ನಮಗಿಂತ ಮುಂದಿದ್ದಾರೆಂದು ಹೇಳುವಂತಿಲ್ಲ.

ಆಮೇಲಿನದು ದುಡ್ಡಿನ ಕಥೆ. ದುಡ್ಡಿಗೆ ಈ ಆಟದ ಮೇಲೆ ಒಂದು ಆಕ್ಷೇಪವಿತ್ತು: ಇದು ನಿಲ್ಲುವುದೇ ಇಲ್ಲ. ನಲವತ್ತೈದು ನಿಮಿಷ ಒಂದೇ ಸಮನೆ ಓಡಿದರೆ ಸಾಬೂನಿನ ಜಾಹೀರಾತನ್ನು ಎಲ್ಲಿ ತೂರಿಸುವುದು? 1967ರಲ್ಲಿ ಸಿಬಿಎಸ್ ಟೆಲಿವಿಷನ್ನಿನವರು ಹೊಸದೊಂದು ಲೀಗಿನ ಪಂದ್ಯಗಳನ್ನು ತೋರಿಸತೊಡಗಿದಾಗ, ಒಬ್ಬ ರೆಫರಿ ತಾನು ಒಂದೇ ಪಂದ್ಯದಲ್ಲಿ ಕೊಟ್ಟ 21 ಫೌಲುಗಳಲ್ಲಿ 11 ಜಾಹೀರಾತಿಗೆ ಎಡೆಮಾಡಿಕೊಡುವುದಕ್ಕೆಂದೇ ಎಂದು ಒಪ್ಪಿಕೊಂಡ. ಪಾಪ, ಆಟಗಾರ ಬಿದ್ದದ್ದು ಯಾರ ಕಾಲು ತಾಗಿ ಎಂಬುದು ಅವನಿಗೇ ಗೊತ್ತಿರಲಾರದು. ಈಗ ಇಂಥ ಕಷ್ಟವಿಲ್ಲ. 2026ರ ವಿಶ್ವಕಪ್ಪಿಗೆಂದು ಫಿಫಾ 2025ರ ಡಿಸೆಂಬರಿನಲ್ಲಿ ಒಂದು ನಿಯಮ ಪ್ರಕಟಿಸಿತು: ಪ್ರತಿ ಅರ್ಧದ ನಡುವೆ ಮೂರು ನಿಮಿಷ ನೀರು ಕುಡಿಯುವ ವಿರಾಮ, ಬಿಸಿಲಿದ್ದರೂ ಸರಿ, ಇಲ್ಲದಿದ್ದರೂ ಸರಿ. ಆಟಗಾರರ ಆರೋಗ್ಯಕ್ಕೆ ಎನ್ನುತ್ತಾರೆ. ಇರಬಹುದು. ಆ ಮೂರು ನಿಮಿಷ ಸಾಬೂನಿನ ಆರೋಗ್ಯಕ್ಕೂ ಒಳ್ಳೆಯದೇ.

ನಡುವೆ 1975ರಲ್ಲಿ ನ್ಯೂಯಾರ್ಕಿನ ಕಾಸ್ಮಾಸ್ ಕ್ಲಬ್ಬು ಪೆಲೆಯನ್ನು ಕರೆತಂದು ಒಂದು ಜಾತ್ರೆಯನ್ನೇ ನೆರೆಸಿತು. 1977ರಲ್ಲಿ ಆ ಟೀಮು ಕಲ್ಕತ್ತೆಗೂ ಬಂದು, ಈಡನ್ ಗಾರ್ಡನ್ಸಿನ ಕೆಸರಿನಲ್ಲಿ ಮೋಹನ್ ಬಾಗಾನಿನೊಂದಿಗೆ 2-2ರ ಸಮ ಮಾಡಿಕೊಂಡು ಹೋಯಿತು. ಪೆಲೆ ಹೋದ ಮೇಲೆ ಜಾತ್ರೆ ಚದರಿತು. 1984ರ ಹಂಗಾಮಿನೊಂದಿಗೆ ಲೀಗು ಆಟ ಮುಗಿಸಿತು. 1994ರ ವಿಶ್ವಕಪ್ಪನ್ನು ಅಮೆರಿಕಕ್ಕೆ ಕೊಟ್ಟಾಗ ಯೂರೋಪಿನವರು ಮರುಭೂಮಿಯಲ್ಲಿ ಭತ್ತ ಬಿತ್ತುವ ಮಾತು ಎಂಬಂತೆ ನಕ್ಕರು. 35 ಲಕ್ಷಕ್ಕೂ ಹೆಚ್ಚು ಜನ ಬಂದು ನೋಡಿದರು. ಆ ದಾಖಲೆಯನ್ನು 2022ರ ಕತಾರಿನವರೆಗೆ ಯಾವ ವಿಶ್ವಕಪ್ಪೂ ಮುರಿಯಲಿಲ್ಲ. 1996ರಲ್ಲಿ ಹತ್ತು ಟೀಮುಗಳಿಂದ ಹೊರಟ ಹೊಸ ಲೀಗಿನಲ್ಲಿ 2025ರ ಹೊತ್ತಿಗೆ ಮೂವತ್ತು ಟೀಮುಗಳು. 2023ರಲ್ಲಿ ಮೆಸ್ಸಿ ಮಯಾಮಿಗೆ ಬಂದ ಸುದ್ದಿಯನ್ನು ನಾನು ಹೇಳಬೇಕಾಗಿಲ್ಲ. ನಮ್ಮ ಕಾಲೇಜಿನ ಹಾಸ್ಟೆಲಿನ ಗೋಡೆಗಳೇ ಹೇಳುತ್ತವೆ.

ಆದರೆ ಪೆಲೆಗಿಂತ, ಮೆಸ್ಸಿಗಿಂತ ಹೆಚ್ಚಿನ ಕೆಲಸ ಮಾಡಿದ್ದು ಒಂದು ಕಾಯಿದೆಯೆಂದು ನನ್ನ ಎಣಿಕೆ. ಸರಕಾರದ ಹಣ ಪಡೆಯುವ ವಿದ್ಯಾಸಂಸ್ಥೆಗಳಲ್ಲಿ ಗಂಡು ಹೆಣ್ಣೆಂಬ ಭೇದ ಕೂಡದೆಂದು 1972ರಲ್ಲಿ ಅಲ್ಲಿ ಶಾಸನವಾಯಿತು. ಆಟಕ್ಕೂ ಅದು ಅನ್ವಯಿಸಿತು. ಹುಡುಗಿಯರಿಗೂ ಟೀಮು ಬೇಕು, ಯಾವ ಆಟ? ಅಮೆರಿಕನ್ ಫುಟ್‌ಬಾಲು ಗಂಡಸರ ಕೋಟೆ. ಬೀದಿಯಂಚಿನಲ್ಲಿ ನಿಂತಿದ್ದ ಸಾಕರನ್ನು ಒಳಕ್ಕೆ ಕರೆದರು. ಅದಕ್ಕೆ ಮುಂಚೆ ಹೈಸ್ಕೂಲುಗಳಲ್ಲಿ ಸಾಕರ್ ಆಡುತ್ತಿದ್ದ ಹುಡುಗಿಯರು ಸಾವಿರವೂ ಇರಲಿಲ್ಲ. ಈಗ ಮೂರು ಲಕ್ಷಕ್ಕೂ ಮೀರಿ ಇದ್ದಾರೆ. 1999ರ ಜುಲೈ 10ರಂದು ಕ್ಯಾಲಿಫೋರ್ನಿಯದ ರೋಸ್ ಬೌಲಿನಲ್ಲಿ 90,185 ಜನರ ಎದುರಿಗೆ ಅಮೆರಿಕದ ಹೆಣ್ಣುಮಕ್ಕಳು ಚೀನಾವನ್ನು ಗೆದ್ದರು. 1991, 1999, 2015, 2019—ನಾಲ್ಕು ಸಲ ವಿಶ್ವಕಪ್ಪು. ಗಂಡಸರದು 1930ರಲ್ಲಿ ಒಮ್ಮೆ ಸೆಮಿಫೈನಲು, ಅಷ್ಟೆ. ಆದರೂ ಗಂಡಸರಷ್ಟೇ ಸಂಬಳ ಬೇಕೆಂದು ಈ ಹೆಣ್ಣುಮಕ್ಕಳು 2019ರಲ್ಲಿ ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. 2022ರಲ್ಲಿ ರಾಜಿಯಾಗಿ ಎರಡು ಕೋಟಿ ನಲವತ್ತು ಲಕ್ಷ ಡಾಲರು ಸಿಕ್ಕಿತು.

ಇನ್ನು ನನ್ನ ತಂಗಿಯ ಮನೆಯ ಪ್ರಕರಣ. ಅವಳ ಮಗಳಿಗೆ ಹನ್ನೊಂದು ವರ್ಷ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಕನ್ನಡ ಶಾಲೆ. ನಾಲ್ಕಾರು ತಾಯಂದಿರು ಸೇರಿ, ಸಂಬಳವಿಲ್ಲದೆ, ಅ ಆ ಇ ಈ ತಿದ್ದಿಸುವ ಪುಣ್ಯಕಾರ್ಯ. ಸಾಕರ್ ಪಂದ್ಯವೂ ಭಾನುವಾರ ಬೆಳಿಗ್ಗೆಯೇ. ಮೂರು ವಾರದಿಂದ ಹುಡುಗಿ ಶಾಲೆಗೆ ಚಕ್ಕರ್. ತಂಗಿ ಒಂದು ಕಡೆ, ಅವಳ ಗಂಡ ಒಂದು ಕಡೆ. ಕನ್ನಡದಲ್ಲಿ ಎಂ. ಎ. ಮಾಡಿದ ಸೋದರಮಾವ ಊರಿನಿಂದ ಬಂದಿರುವಾಗ ತೀರ್ಪು ಅವನೇ ಕೊಡಲಿ ಎಂದು ಇಬ್ಬರೂ ನನ್ನನ್ನು ನೋಡಿದರು. ನಾನು ನ್ಯಾಯಾಧೀಶರಂತೆ ಸ್ಥಳ ತನಿಖೆಗೆ ಹೊರಟೆ.

ಹುಲ್ಲು ಬಯಲು, ಅಂಚಿನಲ್ಲಿ ಮಡಿಸುವ ಕುರ್ಚಿಗಳ ಸಾಲು, ಕತ್ತರಿಸಿದ ಕಿತ್ತಳೆಯ ಡಬ್ಬಿಗಳು. ಹಿಂದೆ ವಲಸೆ ಬಂದವರ ಗುರುತಾಗಿದ್ದ ಆಟ ಈಗ ವಲಸೆ ಬಂದವರ ಮಗಳು ಆ ದೇಶದವಳಾಗುವ ದಾರಿಯಾಗಿತ್ತು. ನಾನು ಕುಳಿತ ಹತ್ತು ನಿಮಿಷಕ್ಕೆ ಪಕ್ಕದ ಕುರ್ಚಿಯಿಂದ ತಂಗಿ, ಶಾಲೆ ತಪ್ಪಿಸಿದ್ದಕ್ಕೆ ರಾತ್ರಿಯೆಲ್ಲ ಗೊಣಗಿದ್ದ ಅದೇ ತಂಗಿ, ಎದ್ದು ನಿಂತು ಕೂಗಿದಳು: “ಎಡಗಡೆ ಯಾರೂ ಇಲ್ಲ ಕಣೇ, ಎಡಗಡೆ!” ಹುಡುಗಿ ಎಡಕ್ಕೆ ತಿರುಗಿಸಿದಳು. ಎದುರು ಪಕ್ಷದ ಹುಡುಗಿಯರು ಪೆಚ್ಚಾಗಿ ನಿಂತರು. ಅವರಿಗೆ ಎಡವೂ ತಿಳಿಯದು, ಬಲವೂ ತಿಳಿಯದು. ಆ ಟೀಮಿನಲ್ಲಿ ಹುಬ್ಬಳ್ಳಿ ಕಡೆಯವರ ಮಗಳೂ ಒಬ್ಬಳಿದ್ದಳು. ಅವಳು ಬಯಲಿನ ಆ ತುದಿಯಿಂದ “ಈ ಕಡೆ ಒಗಿ, ಒಗಿ!” ಎಂದು ಕಿರಿಚುತ್ತಿದ್ದಳು. ಮೈಸೂರಿನ ನಮ್ಮ ಮನೆಯಲ್ಲಿ ಒಗೆಯುವುದು ಬಟ್ಟೆಯನ್ನು ಮಾತ್ರ. ಆರಂಭದಲ್ಲಿ ತಂಗಿಯೂ, ಆಟದ ಅಂಗಿ ಕೊಳೆಯಾದದ್ದಕ್ಕೆ ಹೀಗೆ ಅರಚುತ್ತಾಳೆಂದು ತಿಳಿದಿದ್ದಳಂತೆ. ಈಗ ಅವಳ ಮಗಳೂ ಚೆಂಡನ್ನು ಒಗೆಯುತ್ತಾಳೆ.

ಕೇಳಿ ಖುಷಿಯಾಯಿತು, ಆದರೆ ಖುಷಿಯಲ್ಲಿ ಲೆಕ್ಕ ಮರೆಯಬಾರದು. ಅಂದು ಅಷ್ಟು ಹೊತ್ತಿಗೆ ನಾನು ಎಣಿಸಿದ್ದು ಹನ್ನೆರಡು ಕನ್ನಡ ಮಾತು. ಹಿಂದೆ, ಮುಂದೆ, ಬಿಡು, ಬೇಡ, ಬಂದಳು ನೋಡು—ಇಷ್ಟೆ. ಹನ್ನೆರಡು ಮಾತಿನ ಬಲದಿಂದ ಯಾರೂ ಪಂಪಭಾರತದ ಬಾಗಿಲು ತಟ್ಟುವುದಿಲ್ಲ. ಭಾನುವಾರದ ಆ ತಾಯಂದಿರ ತಿದ್ದುವಿಕೆ ಇಲ್ಲದಿದ್ದರೆ ಈ ಹನ್ನೆರಡೂ ಇನ್ನೊಂದು ತಲೆಮಾರಿಗೆ ಉಳಿಯಲಾರವು. ಅತ್ತ ಆಟದ ಫೀಜು ಕೇಳಿ ನನ್ನ ಎದೆ ಧಸಕ್ಕೆಂದಿತು. ಕ್ಲಬ್ಬು, ಕೋಚು, ಅಂಗಿ, ಪರವೂರಿನ ಪಂದ್ಯ ಎಲ್ಲಕ್ಕೂ ತಂದೆತಾಯಿಯ ಜೇಬೇ ಆಧಾರ. ಬ್ರೆಜಿಲಿನ ಬಡವನ ಮಗ ಬೀದಿಯಲ್ಲಿ ಬಿಟ್ಟಿಯಾಗಿ ಕಲಿತ ಆಟ ಇಲ್ಲಿ ಉಳ್ಳವರ ಬಡಾವಣೆಯ ಸೊತ್ತಾಗಿದೆ. ಅದೇ ಊರಿನಲ್ಲಿ ಹುಲ್ಲು ಕತ್ತರಿಸುವ ಮೆಕ್ಸಿಕೋದವನ ಮಗ, ಆಟವನ್ನು ರಕ್ತದಲ್ಲೇ ತಂದವನು, ಎಷ್ಟೋ ವೇಳೆ ಬೇಲಿಯಾಚೆಯೇ ಉಳಿಯುತ್ತಾನೆ. ಜನಪ್ರಿಯತೆಯೆಂಬ ಮಾತನ್ನೂ ಹಿಡಿತವಿಟ್ಟು ಆಡಬೇಕು. 2023ರ ಕೊನೆಯಲ್ಲಿ ಗ್ಯಾಲಪ್ ಸಂಸ್ಥೆ ‘ನೋಡಲು ಮೆಚ್ಚಿನ ಆಟ ಯಾವುದು?’ ಎಂದು ಕೇಳಿದಾಗ ನೂರರಲ್ಲಿ 41 ಮಂದಿ ತಮ್ಮ ಕೈಯ ಫುಟ್‌ಬಾಲನ್ನು ಹೇಳಿದರು, 10 ಮಂದಿ ಬೇಸ್‌ಬಾಲು, ಸಾಕರಿಗೆ 5.

ನಾನು ತೀರ್ಪು ಕೊಡಲಿಲ್ಲ. ಕೊಡುವ ಮೊದಲೇ ಆ ತಾಯಂದಿರು ತಾವಾಗಿ ಶಾಲೆಯ ಹೊತ್ತನ್ನು ಸಂಜೆ ನಾಲ್ಕಕ್ಕೆ ಬದಲಾಯಿಸಿದರು. ಹತ್ತಕ್ಕೆ ಬರುವ ಮಕ್ಕಳೇ ಇರಲಿಲ್ಲ! ಹೊರಡುವ ಮುಂಚಿನ ಭಾನುವಾರ ನನ್ನನ್ನೂ ಒಂದು ಪಾಠ ಮಾಡಲು ಕರೆದರು. ಕಾಗುಣಿತ ಮುಗಿದ ಮೇಲೆ ಮಕ್ಕಳು ಆಟದ ಮಾತುಗಳಿಗೆ ಕನ್ನಡ ಕೇಳತೊಡಗಿದವು. ಗೋಲು ಗೋಲಾಗಿಯೇ ಇರಲಿ ಎಂದೆ. ‘ಪಾಸ್’ಗೆ ಒಗೆಯುವುದು ಇದ್ದೇ ಇತ್ತು. ‘ಆಫ್‌ಸೈಡ್’ಗೆ ಏನು? ನಾನು ಸಂಸ್ಕೃತದ ಎರಡು ಧಾತುಗಳನ್ನು ಮನಸ್ಸಿನಲ್ಲಿ ಬೆಸೆಯುತ್ತಿರುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಹುಬ್ಬಳ್ಳಿಯ ಹುಡುಗಿ ಕೈಯೆತ್ತಿದಳು.

“‘ಕದ್ದು ನಿಂತಾಳ’ ಅಂತ ಬರೀರಿ, ಸರ.”

ಬೋರ್ಡಿನ ಮೇಲೆ ಬರೆದೆ. ಎಲ್ಲರೂ ಕಾಪಿ ಮಾಡಿಕೊಂಡರು.