ಹೆದ್ದಾರಿ ನೆಲಕ್ಕಿಳಿಯಿತು, ಬಾಡಿಗೆ ಮೇಲೇರಿತು

ಬಾಸ್ಟನ್‌ನಲ್ಲಿ ಸೆಪ್ಟೆಂಬರ್ 1 ಅಂದ್ರೆ ಮನೆ ಬದಲಾಯಿಸುವ ದಿನ. ಊರಿನ ಬಹುಪಾಲು ಬಾಡಿಗೆ ಕರಾರುಗಳು ಅವತ್ತೇ ಶುರುವಾಗುತ್ತವೆ. ಗಲ್ಲಿ ಗಲ್ಲಿಯಲ್ಲೂ ಲಾರಿ, ಫುಟ್‌ಪಾತ್ ತುಂಬಾ ಹಾಸಿಗೆ, ಸೋಫಾ, ಪುಸ್ತಕದ ಡಬ್ಬ. ನಾಲ್ಕು ವರ್ಷದ ಹಿಂದೆ ಅಂಥದ್ದೇ ಒಂದು ಬೆಳಗ್ಗೆ ಎರಡು ಸೂಟ್‌ಕೇಸು, ಒಂದು ಪ್ರೆಷರ್ ಕುಕ್ಕರ್ ಹಿಡಿದುಕೊಂಡು ನಾನು ನಾರ್ತ್ ಎಂಡ್‌ಗೆ ಬಂದಿಳಿದೆ.

ಬಾಗಿಲ ಪಕ್ಕ ಮಡಚುವ ಕುರ್ಚಿ ಹಾಕಿಕೊಂಡು ಕೂತಿದ್ದ ಅಜ್ಜಿಯೊಬ್ಬರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಮೂರನೇ ಮಹಡಿಗಾ?" ಅಂತ ಕೇಳಿದರು. ಹೌದು ಅಂದೆ.

"ಅದು ನನ್ನ ತಂಗಿ ಮನೆ. ನಲವತ್ತು ವರ್ಷ ಇದ್ದಳು. ಬಾಡಿಗೆ ಎಷ್ಟು ಹೇಳಿದ್ರು?"

ಹೇಳಿದೆ. ಅಜ್ಜಿ ಏನೂ ಮಾತಾಡಲಿಲ್ಲ. ಎದೆ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು, ಅಷ್ಟೇ.

ನಾರ್ತ್ ಎಂಡ್ ಅಂದ್ರೆ ಬಾಸ್ಟನ್‌ನ ಲಿಟಲ್ ಇಟಲಿ. ಒಂದು ಚದರ ಮೈಲಿಯ ಅರ್ಧದಷ್ಟೂ ಇಲ್ಲದ ಪುಟ್ಟ ಪೇಟೆ. ಕೆಂಪು ಇಟ್ಟಿಗೆಯ ನಾಲ್ಕೈದು ಅಂತಸ್ತಿನ ಕಟ್ಟಡಗಳು, ಕಾರು ತಿರುಗಿಸಲು ಒದ್ದಾಡುವಂಥ ಓಣಿಗಳು. ಹ್ಯಾನೋವರ್ ಸ್ಟ್ರೀಟಿನಲ್ಲಿ ಸಂಜೆ ನಡೆದರೆ ಬೆಳ್ಳುಳ್ಳಿ, ಟೊಮೆಟೊ ಬೇಯುವ ವಾಸನೆ. ಕನ್ನೋಲಿ ಅಂಗಡಿಗಳ ಮುಂದೆ ಉದ್ದನೆ ಸಾಲು. ಕನ್ನೋಲಿ ಅಂದ್ರೆ ಕರಿದ ಗರಿಗರಿ ಕೊಳವೆಯೊಳಗೆ ಸಿಹಿ ರಿಕೋಟಾ ಚೀಸ್ ತುಂಬಿದ ತಿಂಡಿ. ಆದರೆ ನನ್ನನ್ನು ಸೆಳೆದದ್ದು ಸೇಲಂ ಸ್ಟ್ರೀಟಿನ ಮೂಲೆಯ ಪೋಲ್ಕಾರೀಸ್ ಕಾಫಿ ಅಂಗಡಿ. 1932ರಲ್ಲಿ ಶುರುವಾದದ್ದು. ಕಾಫಿ ಬೀಜ, ಮಸಾಲೆ, ಕಾಳುಗಳನ್ನು ತೂಗಿ ಕೊಡುತ್ತಾರೆ. ಮೊದಲ ಸಲ ಒಳಗೆ ಕಾಲಿಟ್ಟಾಗ ಮಲ್ಲೇಶ್ವರದ ಕಾಫಿಪುಡಿ ಅಂಗಡಿಯ ವಾಸನೆ ಬಂದು ಎರಡು ನಿಮಿಷ ಸುಮ್ಮನೆ ನಿಂತುಬಿಟ್ಟಿದ್ದೆ.

ಹಾಗಂತ ಈ ಪೇಟೆ ಯಾವಾಗಲೂ ಇಟಲಿಯವರದ್ದೇ ಆಗಿರಲಿಲ್ಲ. 19ನೇ ಶತಮಾನದಲ್ಲಿ ಹಸಿವಿನಿಂದ ಓಡಿ ಬಂದ ಐರಿಷ್ ಜನ ಇಲ್ಲಿದ್ದರು. ಆಮೇಲೆ ಪೂರ್ವ ಯುರೋಪಿನ ಯಹೂದಿಗಳು ಬಂದರು. ಅವರ ಬೆನ್ನಿಗೇ ದಕ್ಷಿಣ ಇಟಲಿ, ಸಿಸಿಲಿ ಕಡೆಯವರು. 1930ರ ಹೊತ್ತಿಗೆ ಇಷ್ಟೇ ಜಾಗದಲ್ಲಿ 40 ಸಾವಿರಕ್ಕೂ ಹೆಚ್ಚು ಜನ ತುಂಬಿಕೊಂಡಿದ್ದರು. ಈಗ ಸುಮಾರು 10 ಸಾವಿರ.

ಬಡವರ ಕೇರಿ ಅಂದ್ರೆ ಯಾರೂ ಕೇಳುವವರಿಲ್ಲ. 1919ರ ಜನವರಿ 15ರಂದು ಇಲ್ಲಿನ ಕಮರ್ಷಿಯಲ್ ಸ್ಟ್ರೀಟಿನಲ್ಲಿದ್ದ ದೈತ್ಯ ಕಾಕಂಬಿ ಟ್ಯಾಂಕ್ ಒಡೆದು, ರಸ್ತೆಯಲ್ಲಿ ಕಾಕಂಬಿಯ ಪ್ರವಾಹವೇ ಹರಿದು 21 ಜನ ಸತ್ತರು. ನಗುವಂಥ ಸುದ್ದಿ ಅನ್ನಿಸಬಹುದು, ಆದರೆ ಅಷ್ಟು ದೊಡ್ಡ, ಸೋರುವ ಟ್ಯಾಂಕನ್ನು ಶ್ರೀಮಂತರ ಮನೆ ಮುಂದೆ ಯಾರೂ ಕಟ್ಟಿರುತ್ತಿರಲಿಲ್ಲ.

1950ರ ದಶಕದಲ್ಲಿ ಇನ್ನೊಂದು ಪೆಟ್ಟು ಬಿತ್ತು. ಪೇಟೆಗೂ ನಗರದ ಮಧ್ಯಭಾಗಕ್ಕೂ ನಡುವೆ ಕಂಬಗಳ ಮೇಲೆ ಆರು ಪಥದ ಹೆದ್ದಾರಿ ಕಟ್ಟಿದರು. ನಮ್ಮ ಸಿಲ್ಕ್ ಬೋರ್ಡ್ ಕಡೆಯ ಫ್ಲೈಓವರ್ ನೆನಪಿಸಿಕೊಳ್ಳಿ, ಅದನ್ನು ನಿಮ್ಮ ಮನೆಗೂ ಮಾರ್ಕೆಟ್ಟಿಗೂ ಮಧ್ಯೆ ತಂದು ನಿಲ್ಲಿಸಿ. ಪಕ್ಕದ ವೆಸ್ಟ್ ಎಂಡ್ ಅನ್ನಂತೂ ಅದೇ ದಶಕದ ಕೊನೆಯಲ್ಲಿ ಕೊಳೆಗೇರಿ ಅಂತ ಹಣೆಪಟ್ಟಿ ಹಚ್ಚಿ ನೆಲಸಮವೇ ಮಾಡಿದರು.

ನಾರ್ತ್ ಎಂಡ್ ಮಾತ್ರ ಉಳಿಯಿತು. ನಗರಗಳ ಬಗ್ಗೆ ಬರೆದ ಜೇನ್ ಜೇಕಬ್ಸ್ 1961ರ ತಮ್ಮ ಪ್ರಸಿದ್ಧ ಪುಸ್ತಕದಲ್ಲಿ ಈ ಪೇಟೆಯನ್ನು ಮೆಚ್ಚಿ ಬರೆದಿದ್ದಾರೆ. ಬ್ಯಾಂಕುಗಳು ಇಲ್ಲಿಗೆ ಸಾಲ ಕೊಡುತ್ತಿರಲಿಲ್ಲ. ಜನ ತಮ್ಮ ದುಡಿಮೆಯ ದುಡ್ಡಿನಲ್ಲಿ, ಕೆಲಸಕ್ಕೆ ಕೆಲಸ ಮುಯ್ಯಿ ಮಾಡಿಕೊಂಡು ಮನೆಗಳನ್ನು ದುರಸ್ತಿ ಮಾಡಿಕೊಂಡರು.

ಅಜ್ಜಿಯ ಗಂಡ ಗಾರೆ ಕೆಲಸದವರು. "ಈ ಬೀದಿಯ ಅರ್ಧ ಬಚ್ಚಲುಮನೆಗೆ ಟೈಲ್ಸ್ ಹಾಕಿದ್ದು ಅವರೇ. ದುಡ್ಡು ತಗೊಂಡಿದ್ದು ಕಡಿಮೆ, ಸಾಸೇಜ್ ತಗೊಂಡಿದ್ದೇ ಜಾಸ್ತಿ" ಅಂತ ಅಜ್ಜಿ ನಗುತ್ತಿದ್ದರು.

ಹಾಗಾದರೆ ಬದಲಾದದ್ದು ಯಾವಾಗ? 1970ರ ದಶಕದಲ್ಲಿ ಸಮುದ್ರದಂಚಿನ ಹಳೇ ಗೋದಾಮುಗಳು ದುಬಾರಿ ಅಪಾರ್ಟ್‌ಮೆಂಟ್‌ಗಳಾಗತೊಡಗಿದವು. 1994ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಮತದಾರರು ಬಾಡಿಗೆ ನಿಯಂತ್ರಣ ಬೇಡ ಅಂತ ಮತ ಹಾಕಿದರು. ಕೊನೆಗೆ ಆ ಹೆದ್ದಾರಿಯನ್ನೇ 'ಬಿಗ್ ಡಿಗ್' ಯೋಜನೆಯಡಿ ಸುರಂಗಕ್ಕಿಳಿಸಿ, ಮೇಲಿನ ಕಬ್ಬಿಣವನ್ನೆಲ್ಲ ಕಿತ್ತು ಹಾಕಿದರು. 2008ರಲ್ಲಿ ಅದೇ ಜಾಗದಲ್ಲಿ ಉದ್ದನೆಯ ಪಾರ್ಕು ತೆರೆಯಿತು. ಹುಲ್ಲುಹಾಸು, ಕಾರಂಜಿ, ಮಕ್ಕಳ ಕೇಕೆ. ನಾನು ದಿನಾ ಅದನ್ನು ದಾಟಿಯೇ ಆಫೀಸಿಗೆ ಹೋಗುತ್ತೇನೆ. ತುಂಬಾ ಚೆನ್ನಾಗಿದೆ.

ಒಂದು ಸಂಜೆ ಅಜ್ಜಿಯನ್ನೂ ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಬೆಂಚಿನ ಮೇಲೆ ಕೂತು ಸುಮಾರು ಹೊತ್ತು ನೋಡಿದರು. "ಆ ಹೆದ್ದಾರಿ ಇದ್ದಾಗ ದಿನಾ ಬೈತಿದ್ವಿ. ಕಿಟಕಿ ತೆಗೆದರೆ ಮಸಿ. ಆದ್ರೆ ಅದು ಇರೋವರೆಗೂ ಇಲ್ಲಿಗೆ ಬರೋಕೆ ಯಾರಿಗೂ ಮನಸ್ಸಿರಲಿಲ್ಲ. ನಾವು ನಾವೇ ಇದ್ವಿ" ಅಂದರು.

ಆ ಮಾತು ನನ್ನ ತಲೆಯಲ್ಲಿ ಉಳಿದುಬಿಟ್ಟಿದೆ. ಐರಿಷರು ಬಿಟ್ಟ ಮನೆಗೆ ಯಹೂದಿಗಳು ಬಂದರು, ಅವರು ಬಿಟ್ಟದ್ದಕ್ಕೆ ಇಟಲಿಯವರು. ಒಬ್ಬ ಬಡವ ಸ್ವಲ್ಪ ಮೇಲೆ ಬಂದು ಹೊರಟರೆ ಆ ಜಾಗಕ್ಕೆ ಇನ್ನೊಬ್ಬ ಬಡವ ಬರುತ್ತಿದ್ದ. ಈಗ ಆ ಸರಪಳಿ ತುಂಡಾಗಿದೆ. ಬರುತ್ತಿರುವವರು ನಮ್ಮಂಥವರು. ಲ್ಯಾಪ್‌ಟಾಪ್ ಹಿಡಿದವರು, ಎರಡು ವರ್ಷ ಇದ್ದು ಹೊರಡುವವರು. ಕನ್ನೋಲಿ ಇನ್ನೂ ಇದೆ, ಇಟಲಿಯ ಬಾವುಟ ಇನ್ನೂ ಇದೆ, ರೆಸ್ಟೋರೆಂಟ್‌ಗಳು ನೂರರ ಆಸುಪಾಸು ಇವೆ. ಆದರೆ ಅಲ್ಲಿ ಬಡಿಸುವ ಎಷ್ಟೋ ಜನಕ್ಕೆ ಈ ಪೇಟೆಯಲ್ಲಿ ಒಂದು ರೂಮು ಹಿಡಿಯೋಕೂ ಆಗಲ್ಲ.

ಹೋದವರೆಲ್ಲ ಕಣ್ಣೀರಿಟ್ಟು ಹೋದರು ಅನ್ನೋದೂ ನಿಜವಲ್ಲ. ಒಳ್ಳೇ ಬೆಲೆ ಬಂದಾಗ ಮಾರಿ, ಮೆಡ್‌ಫರ್ಡ್, ರಿವಿಯರ್ ಕಡೆ ಹಿತ್ತಲು ಇರುವ ಮನೆ ಕೊಂಡವರು ಬಹಳ. ತೊಂದರೆಯಾದದ್ದು ಅಜ್ಜಿಯಂಥ ಬಾಡಿಗೆದಾರರಿಗೆ. ನಮ್ಮ ಕಟ್ಟಡದ ಹಳೇ ಮಾಲೀಕರು ಅಜ್ಜಿಯ ಗಂಡನ ಊರಿನವರೇ. ಇದ್ದಷ್ಟು ದಿನ ಬಾಡಿಗೆ ಏರಿಸಲಿಲ್ಲ. ಅವರು ತೀರಿಕೊಂಡ ಮೇಲೆ ಮಕ್ಕಳು ಖಾಲಿಯಾದ ಒಂದೊಂದೇ ಮನೆಗೆ ಹೊಸ ಅಡುಗೆಮನೆ ಕೂರಿಸಿ ಬಾಡಿಗೆ ಹೆಚ್ಚಿಸಿದರು. ಮೊದಲನೆಯದು ನನ್ನ ಮನೆ. ಕಳೆದ ವರ್ಷ ಇಡೀ ಕಟ್ಟಡವನ್ನೇ ಮಾರಿದರು. ಹೊಸ ಮಾಲೀಕರು ಅಜ್ಜಿಗೆ ಕೇಳಿದ ಬಾಡಿಗೆ, ನಾನು ಕೊಡುತ್ತಿದ್ದುದಕ್ಕೆ ಸಮ. ನಾನು ಕೊಡುತ್ತಿದ್ದೇನಲ್ಲ, ಅದೇ ಮಾರ್ಕೆಟ್ ರೇಟ್ ಅಂತ ಆಗಿತ್ತು.

ಆಗಸ್ಟ್ ಕೊನೆಯ ವಾರಾಂತ್ಯ ಇಲ್ಲಿ ಸೇಂಟ್ ಆಂಥೊನಿ ಜಾತ್ರೆ. ಇಟಲಿಯ ಮೊಂತೆಫಾಲ್ಚೋನೆ ಊರಿನಿಂದ ಬಂದವರು 1919ರಲ್ಲಿ ಶುರು ಮಾಡಿದ್ದು. ಸಂತನ ಮೂರ್ತಿಯನ್ನು ಹೆಗಲ ಮೇಲೆ ಹೊತ್ತು ಬೀದಿ ಬೀದಿ ಸುತ್ತುತ್ತಾರೆ, ಜನ ಡಾಲರ್ ನೋಟುಗಳನ್ನು ಮೂರ್ತಿಯ ರಿಬ್ಬನ್ನಿಗೆ ಸಿಕ್ಕಿಸುತ್ತಾರೆ. ಊರು ಬಿಟ್ಟವರೆಲ್ಲ ಅವತ್ತು ಮೊಮ್ಮಕ್ಕಳನ್ನು ಕಟ್ಟಿಕೊಂಡು ಬರುತ್ತಾರೆ. ಕಳೆದ ವರ್ಷ ಅಜ್ಜಿಯ ಪಕ್ಕ ನಾನೂ ಕೂತಿದ್ದೆ. ಮೆರವಣಿಗೆ ದಾಟುವಾಗ ಎಷ್ಟೋ ಜನ ಅವರನ್ನು ಹೆಸರು ಹಿಡಿದು ಕೂಗಿದರು, ಬಗ್ಗಿ ಕೆನ್ನೆಗೆ ಮುತ್ತಿಟ್ಟರು. ನನ್ನನ್ನು ಗುರುತಿಸಿದವರು ಯಾರೂ ಇಲ್ಲ. ಮೂರು ವರ್ಷ ಆಗಿತ್ತು ನಾನು ಬಂದು.

"ನಿಮ್ಮೂರಲ್ಲೂ ಹೀಗೇನಾ?" ಅಂತ ಅಜ್ಜಿ ಕೇಳಿದರು.

ಹೀಗೇ ಅಂದೆ. ಮಲ್ಲೇಶ್ವರದಲ್ಲಿ ನಮ್ಮಜ್ಜಿ ಬಾಡಿಗೆಗಿದ್ದ ವಠಾರ ಈಗ ಐದು ಅಂತಸ್ತಿನ ಅಪಾರ್ಟ್‌ಮೆಂಟ್. ಬಾವಿ ಇಲ್ಲ, ಸಂಪಿಗೆ ಮರ ಇಲ್ಲ. ಆ ದಾರಿಯಲ್ಲಿ ಹೋಗುವಾಗೆಲ್ಲ ಅಮ್ಮ, "ಯಾರೋ ಸಾಫ್ಟ್‌ವೇರ್‌ನವರಂತೆ, ಪಕ್ಕದ ಮನೆಯವರ ಹೆಸರೂ ಗೊತ್ತಿಲ್ಲ" ಅಂತ ಗೊಣಗುತ್ತಾರೆ. ನಾನೂ ಹೂಂಗುಟ್ಟುತ್ತಿದ್ದೆ. ನಾರ್ತ್ ಎಂಡ್‌ನ ಪಾಲಿಗೆ ಆ ಸಾಫ್ಟ್‌ವೇರ್‌ನವಳು ನಾನೇ ಅಂತ ಹೊಳೆದದ್ದು ಅವತ್ತು.

ಆಗಸ್ಟ್ 31ಕ್ಕೆ ಮೆಡ್‌ಫರ್ಡ್‌ನಿಂದ ಮಗ ವ್ಯಾನ್ ತಂದ. ಐವತ್ತೆರಡು ವರ್ಷದ ಸಂಸಾರ ಮೂರೇ ತಾಸಿನಲ್ಲಿ ತುಂಬಿ ಮುಗಿಯಿತು. ಕುರ್ಚಿ ಮಾತ್ರ ಬಾಗಿಲ ಪಕ್ಕ ಉಳಿದಿತ್ತು. "ಅಲ್ಲಿ ಹೊರಗೆ ಕೂತರೆ ನೋಡೋಕೆ ಹುಲ್ಲು ಬಿಟ್ಟು ಏನೂ ಇಲ್ಲ. ನೀನಿಟ್ಕೋ ಮಗಳೇ" ಅಂದರು.

ನಿಜ ಹೇಳಬೇಕಂದ್ರೆ ವರ್ಷವಿಡೀ ಅದನ್ನು ಹೊರಗೆ ಹಾಕಿದ್ದು ಎರಡೇ ಸಲ. ಆಫೀಸು, ಕಾಲ್, ಚಳಿ ಅಂತ ನೆಪಗಳು. ಎರಡನೇ ಸಲ ಹಾಕಿದ್ದು ಈ ಸೆಪ್ಟೆಂಬರ್ 1ಕ್ಕೆ. ದುರಸ್ತಿ ಅಂತ ಇಡೀ ವರ್ಷ ಬೀಗ ಹಾಕಿದ್ದ ಅಜ್ಜಿಯ ಮನೆಗೆ ಇಬ್ಬರು ಹುಡುಗರು ಸಾಮಾನು ತಂದಿಳಿಸುತ್ತಿದ್ದರು. "ಕೆಳಗಿನ ಮನೆಗಾ?" ಅಂತ ಕೇಳಿದೆ. ಹೌದು ಅಂದರು. ಬಾಡಿಗೆ ಎಷ್ಟು ಅಂತ ನಾನು ಕೇಳಲಿಲ್ಲ. ಈ ವರ್ಷ ನನ್ನದೂ ಏರಿದೆ, ಅಂದಾಜಿತ್ತು.

ಆ ಬಚ್ಚಲುಮನೆಯ ಟೈಲ್ಸ್ ಉಳಿದಿದ್ದರೆ ನೋಡಿ, ಅದನ್ನು ಹಾಕಿದವರು ಇದೇ ಮನೆಯಲ್ಲಿದ್ದರು ಅಂತ ಮಾತ್ರ ಹೇಳಿದೆ.